ಕಷ್ಟ ಅನ್ನೋದು ಎಫ್‌ಡಿ ಅಲ್ಲ: ನೋವು, ನಂಬಿಕೆ ಮತ್ತು ಗಂಗಾಮೂಲದಲ್ಲಿ ಹುಟ್ಟಿದ ಒಬ್ಬ ಹೆಣ್ಣುಮಗಳು

(ಈ ವಾರದ ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ವಿಷಯ ಸ್ವಲ್ಪ ಭಾರ ಇದೆ. ಅದಕ್ಕೇ ನನ್ನ ಮನೆಯಿಂದಲೇ ಶುರು ಮಾಡ್ತೀನಿ.

2021ರ ಮೇ ತಿಂಗಳು, ಕೋವಿಡ್ ಎರಡನೇ ಅಲೆ. ನಮ್ಮಪ್ಪ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದು ತೀರಿಹೋದರು. ನಾನಾಗ ಬಿ.ಕಾಂ. ಮುಗಿಸಿ ಆಡಿಟರ್ ಒಬ್ಬರ ಆಫೀಸಲ್ಲಿ ಕೆಲಸಕ್ಕಿದ್ದೆ. ಲಾಕ್‌ಡೌನ್ ಸಡಿಲ ಆದ ಮೇಲೆ ಮನೆಯಲ್ಲಿ ಸಣ್ಣದೊಂದು ಪ್ರಾರ್ಥನಾ ಕೂಟ ಇಟ್ಟುಕೊಂಡಿದ್ವಿ. ಸಭೆಯ ಹಿರಿಯರೊಬ್ಬರು ನನ್ನ ಭುಜದ ಮೇಲೆ ಕೈಯಿಟ್ಟು, "ದೇವರು ಯಾರನ್ನ ಜಾಸ್ತಿ ಪ್ರೀತಿಸ್ತಾನೋ ಅವರನ್ನೇ ಜಾಸ್ತಿ ಶೋಧಿಸೋದು ಮಗನೇ, ಇದರಲ್ಲಿ ನಿನ್ನ ಆತ್ಮಿಕ ಬೆಳವಣಿಗೆ ಇದೆ" ಅಂದರು. ಒಳ್ಳೆ ಮನಸ್ಸಿಂದಲೇ ಹೇಳಿದ್ದು, ಅದರಲ್ಲಿ ಅನುಮಾನ ಇಲ್ಲ. ಆದರೆ ನನ್ನ ತಲೆಗೆ ಬಂದಿದ್ದು ಒಂದೇ ಮಾತು. ಹಂಗಿದ್ರೆ ನಮ್ಮನ್ನ ಸ್ವಲ್ಪ ಕಮ್ಮಿ ಪ್ರೀತಿಸ್ಲಿ ಬಿಡಿ.

ಅವತ್ತಿಂದ ಈ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ಕಷ್ಟದಿಂದ ಮನುಷ್ಯ ಬೆಳೀತಾನೆ ಅಂತ ಕ್ರೈಸ್ತ ನಂಬಿಕೆ ನಿಜವಾಗಿಯೂ ಹೇಳುತ್ತಾ? ಹೇಳಿದ್ರೆ ಯಾವ ಅರ್ಥದಲ್ಲಿ? ನೀವು ಕ್ರೈಸ್ತರಾಗಿರಬೇಕಾಗಿಲ್ಲ. "ಎಲ್ಲಾ ಒಳ್ಳೇದಕ್ಕೇ ಆಗಿದ್ದು" ಅನ್ನೋ ಮಾತು ಯಾವ ಧರ್ಮದ ಸಾವಿನ ಮನೆಗೆ ಹೋದ್ರೂ ಕೇಳಿಬರುತ್ತೆ, ಅಲ್ವಾ?

ನಾವು ಮಾಡ್ಕೊಂಡಿರೋ ಲೆಕ್ಕ

ಕಾಮರ್ಸ್ ಓದಿದವನು ನಾನು, ಹಾಗಾಗಿ ಲೆಕ್ಕದ ಭಾಷೆಯಲ್ಲೇ ಹೇಳ್ತೀನಿ. ನಾವೆಲ್ಲ ಕಷ್ಟಾನ ಎಫ್‌ಡಿ ಥರ ನೋಡ್ತೀವಿ. ಇವತ್ತು ನೋವು ಡೆಪಾಸಿಟ್ ಮಾಡು, ಐದು ವರ್ಷ ಬಿಟ್ಟು ಬಡ್ಡಿ ಸಮೇತ ಆಶೀರ್ವಾದ ತಗೋ. ಜಾಸ್ತಿ ನೋವು ಇಟ್ಟವನಿಗೆ ಜಾಸ್ತಿ ಬಡ್ಡಿ.

ಈ ಲೆಕ್ಕಕ್ಕೆ ಆಧಾರವಾಗಿ ಸಾಮಾನ್ಯವಾಗಿ ತೋರಿಸೋದು ಅಪೊಸ್ತಲನಾದ ಪೌಲ ರೋಮಾಪುರದವರಿಗೆ ಬರೆದ ಪತ್ರದ ಐದನೇ ಅಧ್ಯಾಯ. ಅಲ್ಲಿ ಒಂದು ಸರಪಳಿ ಇದೆ. ಸಂಕಟದಿಂದ ತಾಳ್ಮೆ, ತಾಳ್ಮೆಯಿಂದ ಪುಟಕ್ಕಿಟ್ಟ ಗುಣ, ಆ ಗುಣದಿಂದ ನಿರೀಕ್ಷೆ. ಓದಿದ ಕೂಡಲೇ ಫಾರ್ಮುಲಾ ಥರ ಕಾಣುತ್ತೆ.

ಆದರೆ ಬರೆದವರು ಯಾರು ಅಂತ ನೋಡಬೇಕು. ಎಸಿ ರೂಮಲ್ಲಿ ಕೂತು ಬೇರೆಯವರ ಕಷ್ಟದ ಬಗ್ಗೆ ಮೋಟಿವೇಶನ್ ಕೊಟ್ಟವರಲ್ಲ ಪೌಲ. ಚಾಟಿಯೇಟು ತಿಂದವರು, ಜೈಲು ಕಂಡವರು, ಮೂರು ಸಲ ಹಡಗು ಒಡೆದು ನೀರಿಗೆ ಬಿದ್ದವರು. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ, ಬದುಕಿನ ಆಸೆಯೇ ಹೋಗುವಷ್ಟು ಕುಗ್ಗಿದ್ದೆವು ಅಂತ ಮುಚ್ಚುಮರೆ ಇಲ್ಲದೆ ಒಪ್ಪಿಕೊಳ್ತಾರೆ. ಅದೇ ಪತ್ರದಲ್ಲಿ, ದೇಹಕ್ಕೆ ಚುಚ್ಚಿದ ಮುಳ್ಳಿನಂಥ ಒಂದು ಬಾಧೆ ತೆಗೆದುಹಾಕು ಅಂತ ಮೂರು ಸಲ ಬೇಡಿಕೊಂಡೆ ಅಂತಾರೆ. ಅದು ಹೋಗಲಿಲ್ಲ. ಅವರಿಗೆ ಸಿಕ್ಕ ಉತ್ತರದ ಸಾರ ಇಷ್ಟು: ನೋವು ಇರುತ್ತೆ, ಅದನ್ನ ಹೊರೋದಕ್ಕೆ ಬೇಕಾದ ಕೃಪೆ ಕೊಡ್ತೀನಿ.

ಅಂದರೆ ಇಲ್ಲಿ ಮೆಚ್ಯೂರಿಟಿ ಡೇಟೇ ಇಲ್ಲ. ಇದು ಎಫ್‌ಡಿ ಆಗೋಕೆ ಹೇಗೆ ಸಾಧ್ಯ?

ಬೈಬಲ್ಲಿನಲ್ಲೇ ಬೈಸಿಕೊಂಡ ಸಾಂತ್ವನಗಾರರು

ಈಗ ಯೋಬನ ಗ್ರಂಥಕ್ಕೆ ಬರೋಣ. ಯೋಬ ಒಳ್ಳೆಯವನು, ಅನುಕೂಲಸ್ಥ. ಒಂದೇ ದಿನ ಆಸ್ತಿ ಹೋಗುತ್ತೆ, ಮಕ್ಕಳು ಸಾಯ್ತಾರೆ. ಆಮೇಲೆ ಮೈಯೆಲ್ಲ ಹುಣ್ಣು. ಮೂವರು ಸ್ನೇಹಿತರು ನೋಡೋಕೆ ಬರ್ತಾರೆ. ಬಂದವರು ಏಳು ಹಗಲು ಏಳು ರಾತ್ರಿ ಒಂದೂ ಮಾತಾಡದೆ ಅವನ ಜೊತೆ ನೆಲದ ಮೇಲೆ ಕೂರ್ತಾರೆ. ಅವರು ಮಾಡಿದ ಒಳ್ಳೇ ಕೆಲಸ ಅದೊಂದೇ. ಆಮೇಲೆ ಬಾಯಿ ಬಿಟ್ಟರು ನೋಡಿ, ಕೆಟ್ಟಿತು. ನೀನೇನೋ ತಪ್ಪು ಮಾಡಿರಬೇಕು, ದೇವರು ಪಾಠ ಕಲಿಸ್ತಿದಾನೆ, ಒಪ್ಪಿಕೋ ಅಂತ ಒಬ್ಬರಾದ ಮೇಲೆ ಒಬ್ಬರು ಭಾಷಣ. ಯೋಬ ಒಪ್ಪಲ್ಲ. ಜಗಳ ಆಡ್ತಾನೆ, ದೇವರನ್ನೇ ಪ್ರಶ್ನೆ ಮಾಡ್ತಾನೆ.

ಕೊನೆಗೆ, 42ನೇ ಅಧ್ಯಾಯದಲ್ಲಿ, ದೇವರಿಗೆ ಸಿಟ್ಟು ಬರೋದು ಯಾರ ಮೇಲೆ ಗೊತ್ತಾ? ಪ್ರಶ್ನೆ ಕೇಳಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಆ ಸ್ನೇಹಿತರ ಮೇಲೆ. ನನ್ನ ವಿಷಯದಲ್ಲಿ ಯೋಬ ಆಡಿದಷ್ಟು ಸರಿಯಾದ ಮಾತು ನೀವು ಆಡಲಿಲ್ಲ ಅಂತ ಅವರಿಗೆ ಹೇಳ್ತಾನೆ. ಇನ್ನೊಂದು ವಿಷಯ. ನಿನಗೆ ಇಷ್ಟೆಲ್ಲ ಯಾಕಾಯ್ತು ಅಂತ ದೇವರು ಯೋಬನಿಗೆ ಕೊನೇವರೆಗೂ ಹೇಳೋದೇ ಇಲ್ಲ.

ಕೀರ್ತನೆಗಳ ಗ್ರಂಥ ತೆಗೆದು ನೋಡಿ. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳು, ದೂರು, ಮೊರೆ. 88ನೇ ಕೀರ್ತನೆಯಂತೂ ಕತ್ತಲೆಯಲ್ಲೇ ಮುಗಿಯುತ್ತೆ, ಹ್ಯಾಪಿ ಎಂಡಿಂಗ್ ಇಲ್ಲ. ಯೇಸು ಸ್ವಾಮಿ ಕೂಡ ಗೆತ್ಸೆಮನೆ ತೋಟದಲ್ಲಿ, ಸಾಧ್ಯವಾದರೆ ಈ ಸಂಕಟ ತಪ್ಪಿಸು ಅಂತಲೇ ಪ್ರಾರ್ಥಿಸಿದ್ದು. ಶಿಲುಬೆಯ ಮೇಲೆ, ನನ್ನನ್ನ ಯಾಕೆ ಕೈಬಿಟ್ಟೆ ಅಂತ ಕೂಗಿದ್ದು. ಕ್ರೈಸ್ತ ನಂಬಿಕೆಯ ನಟ್ಟನಡುವೆ ಇರೋ ವ್ಯಕ್ತಿಯೇ ಹಾಗೆ ಕೂಗಿರುವಾಗ, ಅಳೋದು ಅಪನಂಬಿಕೆ ಅಂತ ಯಾರಾದ್ರೂ ಹೇಳಿದ್ರೆ ಅದನ್ನ ಒಪ್ಪಿಕೊಳ್ಳಬೇಡಿ.

ಹಾಗಾದರೆ ಬೆಳವಣಿಗೆ ಎಲ್ಲಿದೆ? ಇದನ್ನ ಥಿಯರಿಯಲ್ಲಿ ಹೇಳೋದಕ್ಕಿಂತ ಒಂದು ಬದುಕಿನ ಮೂಲಕ ಹೇಳ್ತೀನಿ. ಆ ಬದುಕು ಶುರುವಾಗಿದ್ದು ನಮ್ಮ ಪಶ್ಚಿಮ ಘಟ್ಟದಲ್ಲಿ.

ಬೆತ್ತದ ಪೆಟ್ಟಿಗೆಯಲ್ಲಿ ಘಟ್ಟ ಇಳಿದ ಮಗು

ತುಂಗಾ, ಭದ್ರಾ, ನೇತ್ರಾವತಿ ಹುಟ್ಟೋ ಜಾಗ ಗಂಗಾಮೂಲ. ಕುದುರೆಮುಖದ ಕಡೆ ಟ್ರಿಪ್ ಹೋದವರಿಗೆ ಆ ಕಾಡು ಗೊತ್ತಿರುತ್ತೆ. 1858ರ ಏಪ್ರಿಲ್‌ನಲ್ಲಿ ಅಲ್ಲೊಂದು ಹೆಣ್ಣುಮಗು ಹುಟ್ಟಿತು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ, ಕಾರ್ಕಳದ ಹತ್ತಿರದ ಮಾಳ ಕಡೆಯ ಚಿತ್ಪಾವನ ಬ್ರಾಹ್ಮಣರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿಗೆ ಸಂಸ್ಕೃತ ಕಲಿಸಿದರು ಅಂತ ಊರವರ ವಿರೋಧ ಕಟ್ಟಿಕೊಂಡು ಕಾಡಲ್ಲಿ ಮನೆ ಮಾಡಿದವರು. ಬಂದ ಯಾತ್ರಿಕರಿಗೆ, ಶಿಷ್ಯರಿಗೆ ಊಟ ಹಾಕಿ ಹಾಕಿ ಸಾಲ ಆಯ್ತು, ಮನೆ ಬಿಡಬೇಕಾಯ್ತು. ಆಗ ಮಗುವಿಗೆ ಆರು ತಿಂಗಳು. ಬೆತ್ತದ ದೊಡ್ಡ ಪೆಟ್ಟಿಗೆಯಲ್ಲಿ ಮಲಗಿಸಿ ಘಟ್ಟ ಇಳಿಸಿದರಂತೆ. ಮುಂದೆ ಜಗತ್ತು ಆಕೆಯನ್ನ ಪಂಡಿತಾ ರಮಾಬಾಯಿ ಅಂತ ಕರೆಯಿತು.

ಆಮೇಲೆ ಊರಿಂದೂರಿಗೆ ಅಲೆದಾಟ, ಪುರಾಣ ಹೇಳಿ ಬಂದಿದ್ದರಲ್ಲಿ ಜೀವನ. ಅಷ್ಟರಲ್ಲಿ ಬಂತು 1876-78ರ ಮಹಾ ಕ್ಷಾಮ. ಹಳೇ ಮೈಸೂರಿನವರು ಇದನ್ನ ಆ ಎರಡು ಸಂವತ್ಸರಗಳ ಹೆಸರಲ್ಲಿ ಧಾತು-ಈಶ್ವರ ಬರ ಅಂತ ನೆನಪಿಟ್ಟುಕೊಂಡಿದ್ದರು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ ಸುಮಾರು 50 ಲಕ್ಷ ಇದ್ದದ್ದು 1881ರ ಹೊತ್ತಿಗೆ ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಬರದ ಗಾತ್ರ ಆ ಒಂದು ಲೆಕ್ಕದಲ್ಲೇ ಗೊತ್ತಾಗುತ್ತೆ.

ರಮಾಬಾಯಿಯ ಕುಟುಂಬ ಆಗ ಮದ್ರಾಸ್ ಪ್ರಾಂತ್ಯದಲ್ಲಿ ಅಲೆಯುತ್ತಿತ್ತು. ಭಿಕ್ಷೆ ಬೇಡೋಕೆ ಮಾನ ಅಡ್ಡ ಬಂತು, ಕೂಲಿ ಮಾಡೋಕೆ ಗೊತ್ತಿರಲಿಲ್ಲ. ಹನ್ನೊಂದು ದಿನ ನೀರು, ಎಲೆ, ಒಂದು ಹಿಡಿ ಕಾಡು ಈಚಲ ಹಣ್ಣಲ್ಲಿ ಕಳೆದೆವು ಅಂತ ಆಕೆಯೇ ಮುಂದೆ ಬರೆದುಕೊಂಡಿದ್ದಾರೆ. ಅಪ್ಪ, ಅಮ್ಮ, ಅಕ್ಕ ಕೆಲವೇ ತಿಂಗಳ ಅಂತರದಲ್ಲಿ ಹೋದರು. ತಾಯಿಯ ಹೆಣ ಹೊರೋಕೆ ಜನ ಸಾಲದೆ, ಕುಳ್ಳಗಿದ್ದ ಈ ಹುಡುಗಿಯೂ ಚಟ್ಟಕ್ಕೆ ತಲೆ ಕೊಟ್ಟು ನಡೆಯಬೇಕಾಯ್ತು.

ಇಲ್ಲಿ ಒಂದು ವಿಷಯ ಗಮನಿಸಿ. ಈ ಕಷ್ಟದಿಂದ ಆಕೆಗೆ ತಕ್ಷಣ ಯಾವ ಆತ್ಮಿಕ ಬೆಳವಣಿಗೆಯೂ ಆಗಲಿಲ್ಲ. ಆಗಿದ್ದು ಉಲ್ಟಾ. ಅಷ್ಟು ವರ್ಷ ಮಾಡಿದ ವ್ರತ, ಜಪ, ಯಾತ್ರೆಗಳ ಮೇಲೆ ಅಣ್ಣ-ತಂಗಿ ಇಬ್ಬರಿಗೂ ನಂಬಿಕೆ ಹೋಯ್ತು. ನೋವು ಯಾರನ್ನ ಬೇಕಾದರೂ ಬರೀ ಮುರಿದುಹಾಕಬಹುದು. ಈ ಮಾತು ಹೇಳದೆ ಮುಂದಿನ ಕಥೆ ಹೇಳಿದರೆ ಅದು ಮೋಸ.

ಅಣ್ಣ-ತಂಗಿ ನಡೆದು ನಡೆದು 1878ರಲ್ಲಿ ಕಲ್ಕತ್ತಾ ತಲುಪಿದರು. ಆಕೆಯ ಸಂಸ್ಕೃತ ಪಾಂಡಿತ್ಯ ನೋಡಿ ಅಲ್ಲಿನ ವಿದ್ವಾಂಸರು 'ಪಂಡಿತಾ', 'ಸರಸ್ವತಿ' ಅಂತ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡರು. ಅದೇ ವರ್ಷ ಬಂಗಾಳಿ ವಕೀಲರೊಬ್ಬರ ಜೊತೆ ಜಾತಿ ಮೀರಿದ ಮದುವೆ. 1881ರಲ್ಲಿ ಮಗಳು ಮನೋರಮಾ ಹುಟ್ಟಿದಳು. 1882ರಲ್ಲಿ ಗಂಡ ಕಾಲರಾದಿಂದ ಹೋದರು. ರಮಾಬಾಯಿಗೆ ಆಗ 23 ವರ್ಷ. ನಮ್ಮಲ್ಲಿ ಎಷ್ಟೋ ಜನ ಮೊದಲ ಕೆಲಸಕ್ಕೆ ರೆಸ್ಯೂಮೆ ಕಳಿಸೋ ವಯಸ್ಸು.

ಸಿದ್ಧಾಂತ ಅಲ್ಲ, ಒಂದು ಮನೆ

1883ರಲ್ಲಿ ಡಾಕ್ಟರ್ ಓದಬೇಕು ಅಂತ ಇಂಗ್ಲೆಂಡಿಗೆ ಹೋದರು. ಕಿವಿ ಮಂದ ಆಗಿದ್ದರಿಂದ ಆ ಕನಸು ಅಲ್ಲೇ ನಿಂತಿತು. ಆದರೆ ಲಂಡನ್ನಿನ ಫುಲ್ಹಾಮ್‌ನಲ್ಲಿ ಕ್ರೈಸ್ತ ಸಿಸ್ಟರ್‌ಗಳು ನಡೆಸುತ್ತಿದ್ದ ಒಂದು ಮನೆ ನೋಡಿದರು. ಸಮಾಜ ಕೆಟ್ಟವಳು ಅಂತ ಹೊರಗೆ ಹಾಕಿದ ಹೆಂಗಸರನ್ನ ಅಲ್ಲಿ ಪ್ರೀತಿಯಿಂದ ನೋಡಿಕೊಳ್ಳುತ್ತಿದ್ದರು. ನಿಮಗೆ ಇವರ ಮೇಲೆ ಯಾಕಿಷ್ಟು ಕನಿಕರ ಅಂತ ರಮಾಬಾಯಿ ಕೇಳಿದಾಗ, ಸಿಸ್ಟರ್ ಒಬ್ಬರು ಯೋಹಾನನ ಸುವಾರ್ತೆಯ ಸಮಾರ್ಯದ ಹೆಂಗಸಿನ ಕಥೆ ಓದಿಸಿದರು. ಊರವರಿಂದ ದೂರ ಉಳಿದ ಹೆಂಗಸು, ಬಾವಿಕಟ್ಟೆಯ ಹತ್ತಿರ ಅವಳ ಜೊತೆ ಕೂತು ಮಾತಾಡುವ ಯೇಸು. ಆ ವರ್ಷವೇ ರಮಾಬಾಯಿ ದೀಕ್ಷಾಸ್ನಾನ ಪಡೆದರು.

ಅಂದರೆ ಆಕೆಯನ್ನ ಸೆಳೆದದ್ದು ಕಷ್ಟಕ್ಕೆ ಕೊಟ್ಟ ವಿವರಣೆ ಅಲ್ಲ, ಕಷ್ಟದಲ್ಲಿದ್ದವರಿಗೆ ಬಾಗಿಲು ತೆಗೆದಿದ್ದ ಒಂದು ಮನೆ. ಆಮೇಲೂ ಆಕೆ ತಲೆಬಾಗಿಸಿ ಕೂರಲಿಲ್ಲ. ಇಂಗ್ಲೆಂಡಿನ ಸಭೆಯ ಹಿರಿಯರ ಜೊತೆ ಪತ್ರಗಳಲ್ಲಿ ವಾದ ಮಾಡಿದರು, ನನ್ನ ಮನಸ್ಸಾಕ್ಷಿಯನ್ನ ಯಾರ ಕೈಗೂ ಕೊಡಲ್ಲ ಅನ್ನೋ ಧಾಟಿಯಲ್ಲೇ ಬರೆದರು. ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತ ಸಿಕ್ಕಿದ್ದು ಸುಮಾರು ಎಂಟು ವರ್ಷ ಆದ ಮೇಲೆ ಅಂತ ಆಕೆಯೇ ಹೇಳಿಕೊಂಡಿದ್ದಾರೆ. ಬೆಳವಣಿಗೆ ಅಷ್ಟು ನಿಧಾನ.

1889ರಲ್ಲಿ ಬಾಂಬೆಯಲ್ಲಿ ಶಾರದಾ ಸದನ ತೆರೆದರು, ಬಾಲವಿಧವೆಯರಿಗೆ ಓದು, ಊಟ, ಆಸರೆ ಕೊಡೋ ಮನೆ. ಮರುವರ್ಷ ಅದು ಪುಣೆಗೆ ಹೋಯ್ತು. 1893ರಲ್ಲಿ ಮತಾಂತರದ ಆರೋಪ ಎದ್ದು ದೊಡ್ಡ ಗಲಾಟೆ ಆಯ್ತು, ಹಲವು ಹುಡುಗಿಯರನ್ನ ಮನೆಯವರು ವಾಪಸ್ ಕರ್ಕೊಂಡು ಹೋದರು. ಈ ವಿಷಯದಲ್ಲಿ ಆಕೆಯನ್ನ ಒಪ್ಪುವವರೂ ಇದ್ದಾರೆ, ಒಪ್ಪದವರೂ ಇದ್ದಾರೆ. ನಾನಿಲ್ಲಿ ಆ ತೀರ್ಪು ಕೊಡೋಕೆ ಕೂತಿಲ್ಲ. ನಾನು ಹೇಳಬೇಕಾಗಿರೋದು ಅದರ ನಂತರದ ವಿಷಯ.

ಇಪ್ಪತ್ತು ವರ್ಷ ಆದ ಮೇಲೆ ಅದೇ ಹಸಿವು

1896ರಲ್ಲಿ ಮಧ್ಯ ಪ್ರಾಂತ್ಯದಲ್ಲಿ ಬರ ಬಿತ್ತು. ರಮಾಬಾಯಿಗೆ 38 ವರ್ಷ. ಸುದ್ದಿ ಕೇಳಿದ ಕೂಡಲೇ ಹಳೆಯದೆಲ್ಲ ಕಣ್ಣ ಮುಂದೆ ಬಂತು. ಆ ಕಾಡು, ಆ ಎಲೆ, ಅಮ್ಮನ ಹೆಣ. ಇಂಥ ನೆನಪಿಂದ ಓಡಿಹೋಗೋದು ಸಹಜ, ನಾನಾಗಿದ್ದರೆ ಓಡ್ತಿದ್ದೆ. ಆಕೆ ನೆನಪು ಇದ್ದ ಕಡೆಗೇ ಹೊರಟರು. ಬರದ ಊರುಗಳಿಗೆ ಹೋಗಿ, ಅನಾಥರಾದ, ಮಾರಾಟ ಆಗಬಹುದಾಗಿದ್ದ ಹುಡುಗಿಯರನ್ನ, ಎಳೆಯ ವಿಧವೆಯರನ್ನ ಕರ್ಕೊಂಡು ಬಂದರು. ಸುಮಾರು 300 ಜನ. ಪುಣೆಯಲ್ಲಿ ಆಗ ಪ್ಲೇಗ್ ಭಯ ಇದ್ದಿದ್ದರಿಂದ, ಅಲ್ಲಿಂದ ಸುಮಾರು 55 ಕಿಲೋಮೀಟರ್ ದೂರದ ಕೇಡಗಾಂವ್‌ನಲ್ಲಿ ತಾನು ತಗೊಂಡಿದ್ದ ಜಮೀನಿಗೆ ಅವರನ್ನ ಕರೆದೊಯ್ದರು. ಅದೇ ಮುಕ್ತಿ ಮಿಷನ್. 1900ರಲ್ಲಿ ಗುಜರಾತಿನಲ್ಲೂ ಬರ ಬಂದಾಗ ಅಲ್ಲಿದ್ದವರ ಸಂಖ್ಯೆ ಎರಡು ಸಾವಿರದ ಹತ್ತಿರ ಹೋಯ್ತು.

ಅಲ್ಲಿ ಬರೀ ಪ್ರಾರ್ಥನೆ ನಡೀತಿರಲಿಲ್ಲ. ಓದು, ನೇಯ್ಗೆ, ಅಚ್ಚುಕೂಟ, ಹೊಲದ ಕೆಲಸ, ಅಡುಗೆ, ದಾದಿ ಕೆಲಸ, ದೃಷ್ಟಿ ಇಲ್ಲದವರಿಗೆ ಬ್ರೈಲ್ ಎಲ್ಲಾ ಇತ್ತು. ಕೈಕೆಲಸ ಗೊತ್ತಿಲ್ಲದೆ ತನ್ನ ಮನೆಯವರು ಹಸಿವಿನಿಂದ ಸತ್ತರು ಅನ್ನೋದು ಆಕೆಗೆ ಗೊತ್ತಿತ್ತಲ್ಲ.

ಈಗ ಪೌಲನ ಪತ್ರಕ್ಕೆ ವಾಪಸ್ ಬನ್ನಿ. ಕೊರಿಂಥದವರಿಗೆ ಬರೆದ ಎರಡನೆಯ ಪತ್ರದ ಶುರುವಿನಲ್ಲೇ ಒಂದು ವಿಚಾರ ಇದೆ. ನಮ್ಮ ಸಂಕಟದಲ್ಲಿ ದೇವರು ನಮ್ಮನ್ನ ಸಂತೈಸ್ತಾನೆ, ಆ ಸಾಂತ್ವನವನ್ನ ನಾವು ಸಂಕಟದಲ್ಲಿರೋ ಬೇರೆಯವರಿಗೆ ದಾಟಿಸಬೇಕು ಅಂತ. ನನಗೆ ಅರ್ಥ ಆದ ಮಟ್ಟಿಗೆ, ಕ್ರೈಸ್ತ ನಂಬಿಕೆಯಲ್ಲಿ ಕಷ್ಟ ಮತ್ತು ಬೆಳವಣಿಗೆಯ ನಂಟು ಇಲ್ಲಿದೆ. ನೋವು ತಾನಾಗಿ ಯಾರನ್ನೂ ದೊಡ್ಡವರನ್ನಾಗಿ ಮಾಡಲ್ಲ. ನೋವಿನಲ್ಲಿ ನಮಗೆ ಸಿಕ್ಕಿದ ಕೈಯನ್ನ ಇನ್ನೊಬ್ಬರಿಗೆ ಚಾಚಿದಾಗ, ಅಲ್ಲಿ ಏನೋ ಬೆಳೆಯುತ್ತೆ.

ಆ ಮೇಲೂ ರಮಾಬಾಯಿಗೆ ದುಃಖ ತಪ್ಪಲಿಲ್ಲ. ತಾಯಿಯ ಬಲಗೈ ಆಗಿದ್ದ, ನಮ್ಮ ಕಲಬುರಗಿಯಲ್ಲಿ ಹೆಣ್ಣುಮಕ್ಕಳ ಶಾಲೆ ನಡೆಸಿದ ಮನೋರಮಾ 1921ರ ಜುಲೈನಲ್ಲಿ ತೀರಿಕೊಂಡರು. ರಮಾಬಾಯಿ ಆಗ ಹೀಬ್ರೂ, ಗ್ರೀಕ್ ಕಲಿತು ಬೈಬಲನ್ನ ಸರಳ ಮರಾಠಿಗೆ ತರುತ್ತಿದ್ದರು. ಆ ಕೆಲಸ ಬಿಡಲಿಲ್ಲ. 1922ರ ಏಪ್ರಿಲ್ 5ರಂದು ಹೋದರು. ಬಡ್ಡಿ ಸಮೇತ ಏನೂ ವಾಪಸ್ ಬರಲಿಲ್ಲ, ನೋಡಿ. ಅಪ್ಪ, ಅಮ್ಮ, ಅಕ್ಕ, ಅಣ್ಣ, ಗಂಡ, ಮಗಳು, ಯಾರೂ ಬರಲಿಲ್ಲ.

ಸಹಿಸಿಕೋ ಅನ್ನೋ ಮೊದಲು

ಒಂದು ಎಚ್ಚರಿಕೆ ಹೇಳಲೇಬೇಕು. "ನಿನ್ನ ಶಿಲುಬೆ ನೀನೇ ಹೊರಬೇಕು" ಅನ್ನೋ ಮಾತನ್ನ ಗಂಡನ ಕೈಲಿ ಹೊಡೆಸಿಕೊಳ್ಳೋ ಹೆಂಗಸಿಗೂ ಹೇಳ್ತಾರೆ, ಕೆಲಸದ ಜಾಗದಲ್ಲಿ ಕಿರುಕುಳ ಅನುಭವಿಸೋ ಹುಡುಗನಿಗೂ ಹೇಳ್ತಾರೆ. ಇದು ತಪ್ಪು. ಬಾಲವಿಧವೆಯರನ್ನ ನೋಡಿ ರಮಾಬಾಯಿ "ಸಹಿಸ್ಕೊಳ್ಳಿ, ಆತ್ಮಕ್ಕೆ ಒಳ್ಳೇದು" ಅನ್ನಲಿಲ್ಲ. ಮನೆ ಕಟ್ಟಿದರು, ಪುಸ್ತಕ ಬರೆದರು, ಸರ್ಕಾರದ ಆಯೋಗದ ಮುಂದೆ ಹೋಗಿ ಹೆಣ್ಣುಮಕ್ಕಳ ಓದಿನ ಪರವಾಗಿ ಮಾತಾಡಿದರು. ತಪ್ಪಿಸಬಹುದಾದ ನೋವನ್ನ ತಪ್ಪಿಸಬೇಕು. ಸಹಿಸೋದರ ಮಾತು ಬರೋದು ತಪ್ಪಿಸೋಕೆ ಆಗದೇ ಇರೋ ನೋವಿಗೆ ಮಾತ್ರ.

ಹಾಗೇ, ಮನಸ್ಸಿಗೆ ಕಾಯಿಲೆ ಆದಾಗ ಪ್ರಾರ್ಥನೆಯ ಜೊತೆ ಡಾಕ್ಟರೂ ಬೇಕು. ತೀರಾ ಭಾರ ಅನ್ನಿಸ್ತಿದ್ದರೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಇದರಲ್ಲಿ ನಾಚಿಕೆ ಪಡೋಕೆ ಏನೂ ಇಲ್ಲ.

ಪ್ಲಾಸ್ಟಿಕ್ ಫೋಲ್ಡರ್

ಕೊನೆಗೆ ನಮ್ಮ ಮನೆಗೇ ವಾಪಸ್. ಅಪ್ಪ ಹೋದ ಮೇಲೆ ನಮ್ಮ ಪಕ್ಕದ ಬೀದಿಯ ಆಂಟಿ ಒಬ್ಬರು ದಿನಾ ಬೆಳಗ್ಗೆ ಬರ್ತಿದ್ದರು. ಅವರ ಗಂಡ ಅದಕ್ಕೆ ಮೂರು ವರ್ಷ ಮುಂಚೆ ಹೋಗಿದ್ದರು. ದೇವರ ಚಿತ್ತ, ಶೋಧನೆ, ಈ ಮಾತೆಲ್ಲ ಅವರ ಬಾಯಲ್ಲಿ ಒಂದು ದಿನವೂ ಬರಲಿಲ್ಲ. ರಾಗಿ ಗಂಜಿ ತಂದು ಅಮ್ಮನ ಪಕ್ಕ ಕೂತು, ಅಮ್ಮ ಕುಡಿಯೋವರೆಗೂ ಕಾಯ್ತಿದ್ದರು.

ಒಂದು ದಿನ ನನ್ನ ಕೈಗೆ ಒಂದು ಪ್ಲಾಸ್ಟಿಕ್ ಫೋಲ್ಡರ್ ಕೊಟ್ಟರು. ಒಳಗೆ ಒಂದು ಚೀಟಿ. ಬ್ಯಾಂಕಿಗೆ ಯಾವ ಫಾರ್ಮ್, ಇನ್ಶೂರೆನ್ಸ್‌ಗೆ ಏನೇನು, ನಾಮಿನಿ ಇಲ್ಲದಿದ್ದರೆ ಏನು ಮಾಡಬೇಕು, ಎಲ್ಲಾ ಅವರ ಕೈಬರಹದಲ್ಲಿ. "ಡೆತ್ ಸರ್ಟಿಫಿಕೇಟು ಹತ್ತು ಕಾಪಿ ಮಾಡಿಸ್ಕೋ ಮಗಾ. ನಂಗೆ ಯಾರೂ ಹೇಳಿರ್ಲಿಲ್ಲ, ಅದಕ್ಕೇ ಒಂದೊಂದು ಆಫೀಸಿಗೂ ನಾಲ್ಕು ನಾಲ್ಕು ಸಲ ಅಲೆದೆ" ಅಂದರು. ನಾನು ಬಿ.ಕಾಂ. ಓದಿದವನು, ಆಡಿಟರ್ ಆಫೀಸಿನವನು. ಆದರೂ ಆ ಚೀಟಿ ಇಲ್ಲದಿದ್ದರೆ ಆ ತಿಂಗಳು ನನಗೆ ಏನೂ ತೋಚುತ್ತಿರಲಿಲ್ಲ.

ಅವರು ಕಣ್ಣೀರಿಟ್ಟುಕೊಂಡು ಒಬ್ಬರೇ ಅಲೆದ ಆ ಅಲೆದಾಟ ಒಳ್ಳೇದಾಗಿತ್ತಾ? ಇಲ್ಲ. ಅವರ ಗಂಡ ಬದುಕಿದ್ದಿದ್ದರೆ ಅದೇ ಒಳ್ಳೇದಾಗ್ತಿತ್ತು. ಆದರೆ ಆ ಅಲೆದಾಟ ಅವರೊಬ್ಬರಲ್ಲೇ ನಿಂತುಹೋಗಲಿಲ್ಲ, ನನ್ನ ಕೈಗೆ ಫೋಲ್ಡರ್ ಆಗಿ ಬಂತು. ಆತ್ಮಿಕ ಬೆಳವಣಿಗೆ ಅನ್ನೋ ದೊಡ್ಡ ಪದಕ್ಕೆ ನಾನು ಕಣ್ಣಾರೆ ಕಂಡ ಅರ್ಥ ಅದು.

ಹೋದ ವರ್ಷ ನನ್ನ ಕಾಲೇಜಿನ ಗೆಳೆಯನ ತಂದೆ ತೀರಿಕೊಂಡರು. ನಾನು ಹೋದೆ. ಏನು ಹೇಳಬೇಕು ಅಂತ ಗೊತ್ತಾಗಲಿಲ್ಲ, ಸುಮ್ಮನೆ ಪಕ್ಕದಲ್ಲಿ ಕೂತೆ. ಒಂದು ವಾರ ಬಿಟ್ಟು ಮತ್ತೆ ಹೋದಾಗ ಆ ಚೀಟಿಯ ಜೆರಾಕ್ಸ್ ಕೊಟ್ಟು ಬಂದೆ. ಅದರ ಕೆಳಗೆ ನಾನು ಕಲಿತಿದ್ದ ಎರಡು ವಿಷಯ ಸೇರಿಸಿದ್ದೆ.

ಈ ಸಂಚಿಕೆ ಯಾರಿಗಾದ್ರೂ ಬೇಕಾಗಿರಬಹುದು ಅನ್ನಿಸಿದ್ರೆ ಅವರಿಗೆ ಕಳಿಸಿ. ಕಳಿಸೋದಕ್ಕಿಂತ ಮುಂಚೆ ಒಂದ್ಸಲ ಫೋನ್ ಮಾಡಿ, ಊಟ ಆಯ್ತಾ ಅಂತ ಕೇಳಿ.